ಕೈಗೆ ಕೊಟ್ಟ ಮೆಣಸಿನಕಾಯಿ

ಆಗಸ್ಟ್ 14, 2025. ಮೋಟೆಬೆನ್ನೂರು

ಇವತ್ತು ನನ್ನನ್ನು ಕೈಬಿಟ್ಟರು. ಈ ಊರಿನ ಹೆಂಗಸರ ಡೊಳ್ಳಿನ ಮೇಳ ಕಟ್ಟಿದವಳು ನಾನು. ಹಂಗೇರಿ ದೇಶಕ್ಕೆ ಹೋಗುವವರು ಉಳಿದ ಹನ್ನೊಂದು ಮಂದಿ. ಅವರ ಮುಂದಾಳು ಯಾರು ಅಂದರೆ ಅರುಣಾ. ಮೂಗು ಒರೆಸಿಕೊಳ್ಳಲು ಬಾರದ ಕಾಲದಿಂದ ನನ್ನ ಅಂಗನವಾಡಿಯಲ್ಲಿ ಬೆಳೆದವಳು, ಕೋಲು ಹಿಡಿಯುವುದನ್ನು ನನ್ನ ಕೈಯಿಂದಲೇ ಕಲಿತವಳು.

ಬರೆದು ಹಾಕುತ್ತೇನೆ. ಇಲ್ಲದಿದ್ದರೆ ಯಾರಿಗಾದರೂ ಹೊಡೆದೇನು.

ಬ್ಯಾಡಗಿಯ ವಿರೂಪಾಕ್ಷಪ್ಪ ಸಾಹುಕಾರರದು ಮೆಣಸಿನಕಾಯಿಯಿಂದ ಬಣ್ಣ ತೆಗೆದು ಹೊರದೇಶಕ್ಕೆ ಕಳಿಸುವ ಕಾರ್ಖಾನೆ. ಅವರ ಮಾಲು ಕೊಳ್ಳುವ ಹಂಗೇರಿಯ ಊರಿನಲ್ಲೂ ನಮ್ಮ ಹಾಗೆ ಮನೆ ಮುಂದೆಲ್ಲ ಮೆಣಸಿನಕಾಯಿಯಂತೆ. ಎರಡೂ ಊರು ಅಕ್ಕ-ತಂಗಿ ಆಗಬೇಕು, ಅಲ್ಲಿನ ಹಬ್ಬಕ್ಕೆ ನಮ್ಮ ಡೊಳ್ಳು ಹೋಗಬೇಕು, ಸುಗ್ಗಿಗೆ ಅವರ ಮೇಯರು ಇಲ್ಲಿಗೆ ಬರಬೇಕು ಎಂದು ಸಾಹುಕಾರರು ಒಂದು ಪ್ರತಿಷ್ಠಾನ ಮಾಡಿದರು. ದೇಶದೇಶಗಳನ್ನು ಕೂಡಿಸುವ ಕೆಲಸ ಈಗ ದಿಲ್ಲಿಯವರದಷ್ಟೇ ಅಲ್ಲ, ನಮ್ಮಂಥ ವ್ಯಾಪಾರಸ್ಥರದು, ನಿಮ್ಮಂಥ ಸಂಘದವರದು ಎಂದು ಮೊದಲ ಸಭೆಯಲ್ಲಿ ಹೇಳಿದರು. ನಾನೇ ಮೊದಲು ಚಪ್ಪಾಳೆ ತಟ್ಟಿದ್ದು. ಕೈ ಬಿದ್ದುಹೋಗಬೇಕಿತ್ತು ನನ್ನದು.

ಇವತ್ತು ಬ್ಯಾಡಗಿಯ ಅವರ ಗೋದಾಮಿನಲ್ಲಿ ತಾಲೀಮು. ಹಂಗೇರಿಯ ಹಬ್ಬದಲ್ಲಿ ನಮಗೆ ಸಿಗುವುದು ಏಳು ನಿಮಿಷವಂತೆ, ಡೊಳ್ಳಿನ ದೇವರು ಬೀರಪ್ಪನ ಪದ ಬಿಟ್ಟು ಬರೀ ಕುಣಿತ ಇಡಬೇಕಂತೆ. ಪದ ಹಾಡದೆ ಡೊಳ್ಳು ಮುಟ್ಟುವುದಿಲ್ಲ ಎಂದೆ. ಡೊಳ್ಳಿನ ಹೊಟ್ಟೆಗೆ ಕಂಪನಿಯ ಚೀಟಿ ಅಂಟಿಸಿದ್ದರು. ಅದನ್ನು ಸಾಹುಕಾರರ ಎದುರೇ ಉಗುರಿನಿಂದ ಕೆರೆದು ತೆಗೆದೆ. ಅವರು ಸಿಟ್ಟಾಗಲಿಲ್ಲ. ನಗುತ್ತಲೇ, ಏಳು ನಿಮಿಷದಲ್ಲಿ ಯಾರಿಂದ ಆಗುತ್ತದೆ ಎಂದು ಎಲ್ಲರನ್ನೂ ಕೇಳಿದರು. ಅರುಣಾ ಕೈ ಎತ್ತಿದಳು. "ನಾ ಮಾಡ್ತೇನ್ರಿ" ಅಂದಳು. ನನ್ನ ಮೋರೆ ಕಡೆಗೆ ನೋಡಲೂ ಇಲ್ಲ.

ಗುರುವಿಗೇ ತಿರುಮಂತ್ರ. ಪಾಸ್‌ಪೋರ್ಟಿಗೆಂದು ಹಾವೇರಿಗೆ ಅಲೆದಿದ್ದೆ. ಅದು ಬಂದು ಟ್ರಂಕಿನಲ್ಲಿ ಕೂತಿದೆ, ಇನ್ನು ಅದರಲ್ಲಿ ನುಸಿಗುಳಿಗೆ ಕಟ್ಟಿಡಬೇಕು.

ಆಗಸ್ಟ್ 16

ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹೋಗಿ ಬಂದೆ. ಶನಿವಾರವಾದ್ದರಿಂದ ಗದ್ದಲ. ಕಾಂತೇಶನ ಮುಂದೆ ನಿಂತು ಬೇರೆಯವರು ಮಕ್ಕಳು-ಮರಿ, ನೌಕರಿ ಬೇಡುತ್ತಾರೆ. ನಾನು ಬೇಡಿದ್ದು ಒಂದೇ: ಆ ಹುಡುಗಿ ನಾಲ್ಕು ಮಂದಿಯೆದುರು ತಲೆ ತಗ್ಗಿಸುವಂತೆ ಮಾಡಪ್ಪಾ, ಐದು ತೆಂಗಿನಕಾಯಿ ಒಡೆಯುತ್ತೇನೆ. ಹನುಮಪ್ಪ ಇಂಥದ್ದನ್ನು ಕೇಳುತ್ತಾನೋ ಇಲ್ಲವೋ ಗೊತ್ತಿಲ್ಲ. ಲಂಕೆ ಸುಟ್ಟವನಲ್ಲವೇ, ನನ್ನ ಸಂಕಟ ತಿಳಿದೀತು.

ಬರುವಾಗ ಗಂಡ ಗುಡದಪ್ಪನ ಟೆಂಪೋದಲ್ಲೇ ಬಂದೆ. ಅವನು ಸಾಹುಕಾರರ ಅಂಗಡಿಯ ಮೆಣಸಿನಕಾಯಿ ಚೀಲ ಸಾಗಿಸುವವನು. ಏನು ಬೇಡಿಕೊಂಡೆ ಎಂದು ಕೇಳಿದ. ಮಳೆ ಎಂದೆ. ಮೋಡವಿಲ್ಲದ ಆಕಾಶ ನೋಡಿ ಗೇರ್ ಬದಲಿಸಿದ.

ಆಗಸ್ಟ್ 30

ಪ್ರತಿಷ್ಠಾನದ ಮ್ಯಾನೇಜರ್ ಸಿದ್ದಲಿಂಗೇಶ ಫೋನ್ ಮಾಡಿದ್ದ. ರಾಣೇಬೆನ್ನೂರಿನ ಹುಡುಗ, ಮಾತು ಮಾತ್ರ ಬೆಂಗಳೂರಿನದು. ಹಬ್ಬದ ವೇದಿಕೆಯಲ್ಲಿ ಆ ಊರಿನ ಮೇಯರಮ್ಮ ಒಂದು ಮೆಣಸಿನಕಾಯಿ ಸರವನ್ನು ನಮ್ಮ ತಂಡದ ಮುಖ್ಯಸ್ಥೆಯ ಕೈಗೆ ಕೊಡುತ್ತಾರೆ, ಮುಖ್ಯಸ್ಥೆ ಬ್ಯಾಡಗಿ ಕಾಯಿಯನ್ನು ಅವರ ಕೈಗೆ ಕೊಡಬೇಕು, ಅದೇ ಇಡೀ ಕಾರ್ಯಕ್ರಮದ ಮುಖ್ಯ ಫೋಟೊ ಎಂದ. ನಿಮ್ಮ ಕಡೆ ಸಂಪ್ರದಾಯದಲ್ಲಿ ಏನೂ ತೊಂದರೆ ಇಲ್ಲವಲ್ಲ ಮೇಡಂ, ಒಂದು ಮಾತು ಕೇಳಿಬಿಡೋಣ ಅಂತ ಫೋನ್ ಮಾಡಿದೆ ಎಂದ. ಅವನಿಗೆ ಅಡುಗೆಮನೆಯ ಗಾಳಿ ಸೋಕಿದಂತಿಲ್ಲ.

ಮೆಣಸಿನಕಾಯಿಯನ್ನು ಕೈಯಿಂದ ಕೈಗೆ ಕೊಡುವ ಹೆಂಗಸನ್ನು ಈ ಸೀಮೆಯಲ್ಲಿ ನಾನು ನೋಡಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಬಿತ್ತೆಂದೇ ಲೆಕ್ಕ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಅದರಲ್ಲೂ ಅರುಣಾ! ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಒಮ್ಮೆ ಮರೆತು ಒಂದು ಹಿಡಿ ಕಾಯಿ ಅವಳ ಕೈಗೆ ಹಾಕಿದ್ದಳು. ಅದೇ ತಿಂಗಳು ಮನೆ ಒಡೆದು ಎರಡು ಒಲೆಯಾಯಿತು. ಅಂದಿನಿಂದ ಕಿರಾಣಿ ಅಂಗಡಿಯಲ್ಲೂ ಪೊಟ್ಟಣವನ್ನು ಕಟ್ಟೆಯ ಮೇಲಿಡಿ ಅನ್ನುತ್ತಾಳೆ. ಪ್ರಾಣ ಹೋದರೂ ಅವಳು ಕೈಗೆ ತೆಗೆದುಕೊಳ್ಳುವವಳಲ್ಲ.

ಏನೂ ತೊಂದರೆ ಇಲ್ಲಪ್ಪ, ಬಹಳ ಚಲೋ ಆಗುತ್ತದೆ ಎಂದೆ.

ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಸೆಪ್ಟೆಂಬರ್ 12

ಅರುಣಾ ಹೇಳಿಹೋಗಲು ಬಂದಿದ್ದಳು. ಹೊಸ ಸೀರೆಗೆ ಕುಪ್ಪಸ ಹೊಲಿಸಿದ್ದಾಳೆ, ತೋಳು ಬಿಗಿ. ಅದರಲ್ಲಿ ಕೈ ಎತ್ತಿ ಡೊಳ್ಳು ಹೇಗೆ ಬಾರಿಸುತ್ತಾಳೋ. ಕಾಲಿಗೆ ಬಿದ್ದಳು. ಕಾಲು ಎಳೆದುಕೊಳ್ಳಬೇಕೆಂದಿದ್ದೆ, ಅಷ್ಟರಲ್ಲಿ ಮುಟ್ಟಿಬಿಟ್ಟಿದ್ದಳು. ಕೈ ಎತ್ತಿದ್ದು ಯಾಕೆಂದರೆ ಯಾರಾದರೂ ಹೋಗದಿದ್ದರೆ ಇಡೀ ಮೇಳದ ಪ್ರಯಾಣವೇ ತಪ್ಪುತ್ತಿತ್ತು ಎಂದು ಏನೇನೋ ಹೇಳಿದಳು. ನನಗೆ ಬೇಕಾಗಿರಲಿಲ್ಲ. ಕೊನೆಗೆ, ಅಲ್ಲಿ ಏನಾದರೂ ಎಚ್ಚರಿಕೆ ಇಟ್ಟುಕೊಳ್ಳುವುದಿದೆಯೇ ಎಂದು ಕೇಳಿದಳು. ಮೆಣಸಿನಕಾಯಿ ಸರದ ವಿಚಾರ ಅವಳ ಕಿವಿಗೆ ಇನ್ನೂ ಬಿದ್ದಂತಿಲ್ಲ.

"ಚಳಿ ಇರತೈತಿ, ಸ್ವೆಟರ್ ಒಯ್ಯಿ" ಎಂದೆ. ಅಷ್ಟೇ.

ಸೆಪ್ಟೆಂಬರ್ 21

ಕಾಂತೇಶಾ, ನಿನ್ನ ಪಾದಕ್ಕೆ ಶರಣು!

ಮೇಳದ ಬೀರವ್ವ ಅಲ್ಲಿಂದಲೇ ವಿಡಿಯೋ ಕಳಿಸಿದಳು. ಎತ್ತರದ, ಬಿಳಿಕೂದಲಿನ ಮೇಯರಮ್ಮ ಎರಡೂ ಕೈಯಲ್ಲಿ ಕೆಂಪು ಮೆಣಸಿನಕಾಯಿ ಸರ ಹಿಡಿದು ನಗುತ್ತ ಬರುತ್ತಾಳೆ. ಅರುಣಾ ಸಟಕ್ಕನೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾಳೆ. "ಕೆಳಗಿಡ್ರಿ ಬಾಯಾರ, ಕೆಳಗಿಡ್ರಿ" ಅನ್ನುತ್ತ ಗಲ್ಲದಿಂದ ನೆಲ ತೋರಿಸುತ್ತಾಳೆ. ಹಿಂದಿನ ಹತ್ತು ಮಂದಿಯೂ ಒಂದು ಹೆಜ್ಜೆ ಸರಿಯುತ್ತಾರೆ. ಮೇಯರಮ್ಮನ ನಗು ಆರುತ್ತದೆ. ಪಾಪ, ತಮ್ಮ ಊರಿನ ಕಾಯಿಯನ್ನು ನೆಲಕ್ಕೆ ಎಸೆ ಅಂದಂತೆ ಅನಿಸಿರಬೇಕು ಅವಳಿಗೆ. ಸಿದ್ದಲಿಂಗೇಶ ಓಡಿ ಬಂದು ಸರ ಇಸಿದುಕೊಳ್ಳುತ್ತಾನೆ. ಜನ ಗುಜುಗುಜು.

ಭಾರತದವರು ನಮ್ಮ ಮೆಣಸಿನಕಾಯಿ ಮುಟ್ಟಲಿಲ್ಲ ಎಂದು ಆ ಊರಿನ ಪತ್ರಿಕೆಯಲ್ಲೂ ಬಂತಂತೆ. ಬೀರವ್ವ ಫೋನಿನಲ್ಲಿ ಅಳುತ್ತಿದ್ದಳು, ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಯ್ಯೋ ಅಯ್ಯೋ ಎನ್ನುತ್ತಿದ್ದೆ.

ಸಂಜೆ ಮಿರ್ಚಿ, ಮಂಡಕ್ಕಿ ಮಾಡಿದೆ. ಏನು ವಿಶೇಷ ಎಂದ ಗಂಡ. ಹರಕೆ ಫಲಿಸಿತು ಎಂದೆ. ಮಳೆ ಬರಲೇ ಇಲ್ಲವಲ್ಲ ಎಂದ. ವಿಡಿಯೋವನ್ನು ಮತ್ತೆ ಮತ್ತೆ ನೋಡಿದೆ. ಅವಳು ಸ್ವೆಟರ್ ಒಯ್ದಿಲ್ಲ. ಗಡಗಡ ನಡುಗುತ್ತಿದ್ದಾಳೆ ಪೆದ್ದಿ.

ಸೆಪ್ಟೆಂಬರ್ 29

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಸಾಹುಕಾರರು ಮೇಳದವರನ್ನೆಲ್ಲ ಬ್ಯಾಡಗಿಯ ಅಂಗಡಿಗೆ ಕರೆಸಿದ್ದರು. ನನ್ನನ್ನೂ. ಎಲ್ಲರೆದುರು ಅರುಣಾಳನ್ನು ನಿಲ್ಲಿಸಿ ಬೈದರು. ಮೂಢನಂಬಿಕೆಗೆ ಒಂದು ಮಿತಿ ಇರಬೇಕು, ನಾವು ಮಾರ್ಕೆಟ್ಟಿನಲ್ಲಿ ದಿನವಿಡೀ ಕಾಯಿ ಹಿಡಿಯುವವರೇ, ಕೈಗೆ ಬಂದರೆ ಜಗಳ ಬೀಳುವುದಾಗಿದ್ದರೆ ಬ್ಯಾಡಗಿ ಇಷ್ಟೊತ್ತಿಗೆ ಸುಟ್ಟು ಬೂದಿಯಾಗಿರಬೇಕಿತ್ತು ಎಂದರು. ಮಾರ್ಕೆಟ್ಟಿನಲ್ಲಿ ಕೊಳ್ಳುವವನು ಚೀಲಕ್ಕೆ ತಾನೇ ಕೈ ಹಾಕಿ ನೋಡುತ್ತಾನೆ, ಯಾರೂ ಅವನ ಕೈಗೆ ಹಾಕುವುದಿಲ್ಲ. ಇದು ನನಗೆ ತಕ್ಷಣ ಹೊಳೆಯಿತು. ಹೇಳಲು ನನಗೇನು ಗರಜು?

ಅರುಣಾ ತಲೆ ತಗ್ಗಿಸಿ ನಿಂತಿದ್ದಳು. ನಾನು ಬೇಡಿದ್ದು ಇದನ್ನೇ. ಬಗ್ಗಿದ ಆ ಕತ್ತನ್ನು ಕಣ್ತುಂಬ ನೋಡಿದೆ.

ಆಮೇಲೆ ನನ್ನನ್ನು ಒಳಗೆ ಕೂರಿಸಿ ಚಹಾ ತರಿಸಿದರು. ಜನವರಿಯಲ್ಲಿ ಮೇಯರಮ್ಮ ಬರುತ್ತಾಳೆ. ಕೆಟ್ಟ ಹೆಸರು ಆಗ ಸರಿಹೋಗಬೇಕು, ಇಲ್ಲದಿದ್ದರೆ ಅಕ್ಕ-ತಂಗಿ ಊರೂ ಇಲ್ಲ, ಮುಂದಿನ ವರ್ಷದ ಮಾಲೂ ಇಲ್ಲ. ಅರುಣಾ ವೇದಿಕೆಯ ಮೇಲೆ ತನ್ನ ಕೈಯಾರೆ ಮೇಯರಮ್ಮನ ಕೈಗೆ ಮೆಣಸಿನಕಾಯಿ ಕೊಟ್ಟು ತಪ್ಪಾಯಿತು ಅನ್ನಬೇಕು. ತಿಳಿವಳಿಕೆ ಇಲ್ಲದ ಹುಡುಗಿ ಎಂದು ನಾನು ಮೈಕಿನಲ್ಲಿ ಹೇಳಬೇಕು. ಅಂದಿನಿಂದ ಅವಳು ಮೇಳದಿಂದ ಹೊರಗೆ, ನಾನು ಮತ್ತೆ ಮುಂದಾಳು.

"ನಿಮ್ಮಂದಿಗೆ ನೀವ ಬುದ್ಧಿ ಹೇಳ್ಬೇಕ್ರಿ ಮೈಲವ್ವಾರ. ಎಷ್ಟು ತಿದ್ದಿದರೂ ಹಳ್ಳಿ ಮಂದಿ ಹಳ್ಳಿ ಮಂದೀನ" ಎಂದು ಸಾಹುಕಾರರು ನಕ್ಕರು. ನಾನೂ ನಕ್ಕೆ. ಆಗಲಿ ಎಂದೆ.

ಸೇಡು ತಟ್ಟೆಯಲ್ಲಿ ಬಡಿಸಿ ಕೊಟ್ಟಂತಾಯಿತು, ಸಕ್ಕರೆಯನ್ನೂ ಅವರೇ ಹಾಕಿ.

ಅಕ್ಟೋಬರ್ 4

ಐದು ತೆಂಗಿನಕಾಯಿ ಒಡೆದು ಬಂದೆ. ಒಂದು ಕೆಟ್ಟಿತ್ತು.

ಅಕ್ಟೋಬರ್ 25

ದೀಪಾವಳಿಗೆ ಅರುಣಾಳ ಮನೆ ಮುಂದೆ ಹಣತೆ ಕಾಣಲಿಲ್ಲ. ವಿಡಿಯೋ ಊರೆಲ್ಲ ಹಬ್ಬಿದೆ. ಹುಡುಗರು ಅವಳನ್ನು ಕಂಡರೆ ಕೈ ಹಿಂದೆ ಕಟ್ಟಿಕೊಂಡು "ಕೆಳಗಿಡ್ರಿ ಬಾಯಾರ" ಅನ್ನುತ್ತಾರೆ. ಇವತ್ತು ಅಂಗನವಾಡಿ ಮುಂದೆ ಹಾಗೆ ಅಂದವನೊಬ್ಬನ ಕಿವಿ ಹಿಂಡಿದೆ. ಆಡಿಕೊಳ್ಳುವುದಾದರೆ ನಾನು ಆಡಿಕೊಳ್ಳಬೇಕು, ಇವನ್ಯಾವನು?

"ನಿಮ್ಮಂದಿ" ಅಂದರಲ್ಲ ಸಾಹುಕಾರರು. ಅದಕ್ಕೆ ನಾನು ಯಾಕೆ ನಕ್ಕೆನೋ. ಅವತ್ತಿನ ಚಹಾದ ಸಿಹಿ ಇನ್ನೂ ನಾಲಿಗೆಗೆ ಅಂಟಿಕೊಂಡಿದೆ, ಬೇಜಾರು.

ನವೆಂಬರ್ 17

ತಾಲೀಮು ಶುರುವಾಯಿತು. ಬ್ಯಾಡಗಿಗೆ ಹೋಗುವುದು ಬೇಡವೆಂದು ನಮ್ಮ ಅಂಗಳದಲ್ಲೇ. ಡೊಳ್ಳು ಮುಗಿದ ಮೇಲೆ ಅರುಣಾಳನ್ನು ಉಳಿಸಿಕೊಂಡೆ. ಮೇಯರಮ್ಮನ ಜಾಗದಲ್ಲಿ ನಾನು ನಿಲ್ಲುತ್ತೇನೆ, ಕಾಯಿ ನನ್ನ ಕೈಗೆ ಕೊಟ್ಟು ಅಭ್ಯಾಸ ಮಾಡು ಎಂದೆ. ತಟ್ಟೆಯಿಂದ ಒಂದು ಹಿಡಿ ತೆಗೆದುಕೊಂಡಳು. ಕೈ ಮುಂದೆ ಬರುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ. ಮತ್ತೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ನಾನು ಗದರಿದೆ.

ಆಗ ಕೇಳಿದಳು, "ಅಕ್ಕಾ, ಸಿದ್ದಲಿಂಗೇಶಣ್ಣ ನಿಮ್ಮನ್ನ ಮೊದಲ ಕೇಳಿದ್ನಂತ. ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು" ಎಂದೆ. ಸುಳ್ಳು ಯಾಕೆ ಹೇಳಲಿ? ಅವಳಿಗೆ ತಿಳಿಯಲಿ ಎಂದೇ ಕಾದಿದ್ದೆನಲ್ಲ.

ಅವಳು ಕೈಯಲ್ಲಿದ್ದ ಕಾಯಿಯನ್ನು ನನ್ನ ಕಾಲ ಮುಂದೆ ಮೆಲ್ಲಗೆ ನೆಲಕ್ಕಿಟ್ಟಳು. "ನಿಮ್ಮ ಕೂಡ ನನಗ ಜಗಳ ಬ್ಯಾಡ್ರಿ" ಅಂದು ಚಪ್ಪಲಿ ಮೆಟ್ಟಿ ಹೊರಟಳು.

ಎಂಥ ಹುಡುಗಿ ಇದು! ಜಗಳ ಆಗಿ ಮೂರು ತಿಂಗಳಾಯಿತು, ಇವಳಿಗೆ ಇನ್ನೂ ಬೇಡವಂತೆ. ಒಂದು ಮಾತು ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು. ಸಿಟ್ಟಿನಲ್ಲಿ ರೊಟ್ಟಿ ಬಡಿದು ಬಡಿದು ಹರಿದುಹೋದವು.

ಡಿಸೆಂಬರ್ 11

ಗುರುವಾರ, ಬ್ಯಾಡಗಿ ಮಾರ್ಕೆಟ್. ಗಂಡನ ಜೊತೆ ಹೋಗಿದ್ದೆ, ಸಾಹುಕಾರರನ್ನು ಮನೆಯಲ್ಲಿ ಕಂಡು ಬರೋಣವೆಂದು. ಅವರು ಇರಲಿಲ್ಲ. ಅವರ ಹೆಂಡತಿ ಸಿದ್ದವ್ವನವರು ಒಳಗೆ ಕರೆದು ಚುರುಮುರಿ ಕೊಟ್ಟರು. ಅಷ್ಟರಲ್ಲಿ ಆಳು ಹೊಸ ಕಾಯಿ ತಂದ. ಸಿದ್ದವ್ವ ಕೈ ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲೇ ಮೊರದಲ್ಲಿಡು ಎಂದರು. ನಾನು ನೋಡಿದ್ದನ್ನು ಅವರೂ ನೋಡಿದರು. ನಾನು ಚುರುಮುರಿ ತಟ್ಟೆ ಕೆಳಗಿಟ್ಟು ಎದ್ದೆ.

ಹಾಗಾದರೆ ಸಾಹುಕಾರನಿಗೆ ಗೊತ್ತು. ತನ್ನ ಮನೆಯಲ್ಲಿ ನಡೆಯುವುದೇ ಇದು. ಪರದೇಶದವರ ಮುಂದೆ ನಾವು ಹೀಗೆ, ಇದಕ್ಕೆ ಅರ್ಥ ಹೀಗೆ ಎಂದು ಹೇಳಲು ನಾಚಿಕೆ, ಅದಕ್ಕೆ ಒಬ್ಬ ಹುಡುಗಿಯನ್ನು ಮುಂದೆ ತಳ್ಳಿದ. ನಮ್ಮ ಡೊಳ್ಳು ಬೇಕು, ಸೀರೆ ಬೇಕು, ಫೋಟೊ ಬೇಕು. ನಮ್ಮ ಮಾತು ಮಾತ್ರ ಬೇಡ. ಅಕ್ಕ-ತಂಗಿ ಊರಂತೆ! ಅಕ್ಕನ ಮನೆ ರೀತಿ ತಂಗಿಗೆ ಹೇಳದೆ ಅದೆಂಥ ಬಳಗ?

ಮೂರು ದಿನದ ಹಸಿವಿದ್ದಂತೆ ಸಿಟ್ಟು ಬಂದಿದೆ. ಅರುಣಾಳ ಮೇಲಿನದು ಎಲ್ಲಿ ಹೋಯಿತೋ ಹುಡುಕಲು ಪುರಸೊತ್ತಿಲ್ಲ.

ಜನವರಿ 23, 2026

ನಾಳೆ ಕಾರ್ಯಕ್ರಮ. ಮೈಕಿನಲ್ಲಿ ಹೇಳಬೇಕಾದ್ದನ್ನು ಸಿದ್ದಲಿಂಗೇಶ ಬಾಯಿಪಾಠ ಮಾಡಿಸಿ ಹೋದ. ಅರುಣಾಳ ಕುಪ್ಪಸದ ತೋಳು ಬಿಚ್ಚಿ ಸಡಿಲ ಮಾಡಿ ಹೊಲಿದು ಕಳಿಸಿದೆ. ಕೈ ಎತ್ತಲು ಬರದಿದ್ದರೆ ಮೇಳಕ್ಕೇ ಅವಮಾನ, ಅದಕ್ಕೆ.

ಜನವರಿ 24

ಬ್ಯಾಡಗಿಯ ಸಮುದಾಯ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಿದ್ದವ್ವ, ಅವರ ಹಿಂದೆ ವ್ಯಾಪಾರಿಗಳ ಮನೆಯ ಹೆಂಗಸರು, ಅವರ ಹಿಂದೆ ಕಾಯಿ ತೊಟ್ಟು ಮುರಿಯುವ ಹೆಂಗಸರು. ವೇದಿಕೆಯ ಮೇಲೆ ಮೇಯರಮ್ಮ, ಅವಳ ಕಡೆಯ ನಾಲ್ಕು ಮಂದಿ, ಸಾಹುಕಾರರು. ಸಾಹುಕಾರರು ದಿಲ್ಲಿ, ವ್ಯಾಪಾರಸ್ಥರು, ದೇಶದೇಶದ ಸಂಬಂಧ ಎಂದು ಅದೇ ಭಾಷಣ ಮಾಡಿದರು. ಈ ಸಲ ನಾನು ಚಪ್ಪಾಳೆ ತಟ್ಟಲಿಲ್ಲ.

ಅರುಣಾಳನ್ನು ಕರೆದರು. ಹಿತ್ತಾಳೆ ತಟ್ಟೆಯಲ್ಲಿ ಕಾಯಿ ಹಿಡಿದು ಬಂದಳು. ನಾನು ಮೈಕಿನ ಮುಂದೆ. ತಿಳಿವಳಿಕೆ ಇಲ್ಲದ ಹುಡುಗಿ ಎಂದು ಶುರುಮಾಡಬೇಕಿತ್ತು. ಬಾಯಿ ತೆರೆದೆ, ಆ ಮಾತು ಬರಲಿಲ್ಲ. ಅವಳ ತಟ್ಟೆಯಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದುಕೊಂಡೆ. ಮೇಯರಮ್ಮನನ್ನು ದಾಟಿ ನೇರ ಸಾಹುಕಾರರ ಮುಂದೆ ಹೋಗಿ ನಿಂತೆ.

"ಮೂಢನಂಬಿಕಿ ಅಂದಿದ್ರಲ್ರಿ ಸಾಹುಕಾರ್ರ. ಕೈ ಒಡ್ಡ್ರಿ."

ನಗುತ್ತಲೇ ಕೈ ಮುಂದೆ ತಂದರು. ನನ್ನ ಕಣ್ಣು ನೋಡಿದರು. ಮುಂದಿನ ಸಾಲಿನಿಂದ ಸಿದ್ದವ್ವ ಎದ್ದು ನಿಂತು, "ಹಿಡೀಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೇನಿ, ಹಿಡೀಬ್ಯಾಡ್ರಿ!" ಅಂತ ಕೂಗಿದರು. ಸಾಹುಕಾರರ ಎರಡೂ ಕೈ ಸಟಕ್ಕನೆ ಬೆನ್ನ ಹಿಂದೆ ಹೋದವು.

ಮೊದಲು ನಕ್ಕವರು ತೊಟ್ಟು ಮುರಿಯುವ ಹೆಂಗಸರು. ಆಮೇಲೆ ಇಡೀ ಭವನ. ಮೇಯರಮ್ಮ ಸಾಹುಕಾರರ ಕಟ್ಟಿದ ಕೈ ನೋಡಿದಳು, ತಿರುಗಿ ಅರುಣಾಳನ್ನು ನೋಡಿದಳು. ಭಾಷಾಂತರಕ್ಕೆಂದು ನಿಂತಿದ್ದ ಸಿದ್ದಲಿಂಗೇಶ ಸಾಹುಕಾರರ ಮೋರೆ ನೋಡುತ್ತಿದ್ದ. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ನಾನೇ ಹೇಳಿದೆ, "ಕೈಯಾಗ ಚಿಲ್ಲಿ, ಫೈಟ್. ಕೆಳಗ ಚಿಲ್ಲಿ, ಫ್ರೆಂಡ್." ಅರುಣಾಳನ್ನು ತೋರಿಸಿ, "ಇಕಿ ನೋ ಫೈಟ್" ಎಂದೆ. ಸಾಹುಕಾರರನ್ನು ತೋರಿಸಿ, "ನಾನು, ಇವರು, ಫೈಟ್" ಎಂದೆ. ಕೊನೆಗೆ ಸಿದ್ದಲಿಂಗೇಶ ವಿಧಿಯಿಲ್ಲದೆ ಬಿಡಿಸಿ ಹೇಳಿದ.

ಮೇಯರಮ್ಮ ಎರಡೂ ಕೈ ಕೆನ್ನೆಗೆ ಒತ್ತಿಕೊಂಡಳು. ತಾನು ತಂದಿದ್ದ ಸರವನ್ನು ಚೀಲದಿಂದ ತೆಗೆದು, ಆ ಎತ್ತರದ ಮೈ ಬಗ್ಗಿಸಿ, ಅರುಣಾಳ ಮುಂದೆ ನೆಲಕ್ಕಿಟ್ಟಳು. ಅರುಣಾ ಎತ್ತಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಬೀರಪ್ಪನ ಪದದಿಂದಲೇ ಶುರುಮಾಡಿ ಬಾರಿಸಿದೆವು. ಎಷ್ಟು ಹೊತ್ತಾಯಿತೆಂದು ಯಾರೂ ನೋಡಲಿಲ್ಲ.

ಸೇಡು ತೀರಿತು. ಮನೆಗೆ ಬಂದು ಮೂರು ರೊಟ್ಟಿ ಉಂಡೆ.

ಜನವರಿ 27

ಸಾಹುಕಾರರ ಅಂಗಡಿಯಿಂದ ಗುಡದಪ್ಪನಿಗೆ ಇನ್ನು ಬರಬೇಡ ಎಂದು ಹೇಳಿದ್ದಾರೆ. ಅವನು ಹಾವೇರಿ ಕಡೆ ಬಾಡಿಗೆ ಹುಡುಕುತ್ತೇನೆ ಎಂದ. ವಿಡಿಯೋದಲ್ಲಿ ಸಾಹುಕಾರರು ಕೈ ಕಟ್ಟಿಕೊಳ್ಳುವುದನ್ನು ನೋಡಿ ನೋಡಿ ನಗುತ್ತಾನೆ, ಬೈಯುವುದನ್ನೇ ಮರೆತಿದ್ದಾನೆ.

ಮಧ್ಯಾಹ್ನ ಅರುಣಾ ಬಂದಳು. ಹೊಗಳಲು ಬಂದಿದ್ದಾಳೆ ಎಂದುಕೊಂಡು ಚಹಾಕ್ಕೆ ನೀರಿಟ್ಟೆ. ಕುಂದ್ರು ಎಂದೆ. ಕೂರಲಿಲ್ಲ. ಸೆರಗಿನ ಗಂಟು ಬಿಚ್ಚುತ್ತ ನಿಂತಳು.

"ಸಾಹುಕಾರ್ರಿಂದು ನೀವು ತೀರಿಸಿದ್ರಿ ಅಕ್ಕಾ. ನನಗೂ ಚಲೋ ಅನಿಸ್ತು. ಆದ್ರ ಆ ಪರದೇಶದಾಗ, ಅಷ್ಟು ಮಂದಿ ಮುಂದ ನನ್ನ ನಿಲ್ಲಿಸಿದಾಕಿ ನೀವು. ಅವರಲ್ಲ."

ಗ್ಯಾಸ್ ಆರಿಸಿದೆ.

"ಕೈ ಒಡ್ಡ್ರಿ" ಅಂದಳು.

ಗಂಟಿನಲ್ಲಿದ್ದದ್ದು ಒಂದು ಹಿಡಿ ಬ್ಯಾಡಗಿ ಕಾಯಿ. ಕೈ ಹಿಂದೆ ಕಟ್ಟಿಕೊಳ್ಳಬಹುದಿತ್ತು. ಕೆಳಗಿಡು ಎನ್ನಬಹುದಿತ್ತು. ಒಡ್ಡಿದೆ. ಅವಳ ಕೈ ಈ ಸಲ ಅರ್ಧದಲ್ಲಿ ನಿಲ್ಲಲಿಲ್ಲ. ನನ್ನ ಅಂಗೈಗೆ ಹಾಕಿ, ಒಂದೂ ಬೀಳದ ಹಾಗೆ ನನ್ನ ಬೆರಳುಗಳನ್ನು ತಾನೇ ಮಡಚಿ, ಹಿಂದಿರುಗಿ ನೋಡದೆ ಹೋದಳು.

ಸೋಮವಾರ ತಾಲೀಮು ಇದೆ. ಮೇಳ ಅವಳದೂ ಹೌದು, ಬರದೆ ಎಲ್ಲಿಗೆ ಹೋಗುತ್ತಾಳೆ? ಬರಲಿ. ಎಲ್ಲರ ಮುಂದೆ ಬಾಯಿಗೆ ಬಂದದ್ದು ಅನ್ನಲಿ, ನಾನೂ ನಾಲ್ಕು ಅನ್ನುತ್ತೇನೆ. ಜಗಳಾಡುವುದಕ್ಕಾದರೂ ಬರಲಿ.